ಕುಂದು ಮೊದಲು ಹೇಳುವವನು

ಚೇತನ್‌ಕುಮಾರ್ ಯಾವುದನ್ನು ಹೊಗಳಲು ಹೊರಟರೂ ಮೊದಲು ಅದರ ಕುಂದುಗಳನ್ನೇ ಹೇಳುತ್ತಾನೆ. ಇದು ತಂದೆ ಎತ್ತಪ್ಪನವರಿಂದ ಬಂದ ಬಳುವಳಿ. ಸಂತೆಯಲ್ಲಿ ಕುರಿ ಮಾರುವಾಗ ಕುಂಟುವ ಕಾಲನ್ನೂ ಸವೆದ ಹಲ್ಲನ್ನೂ ತಾವೇ ತೋರಿಸಿ, ಆಮೇಲಷ್ಟೇ ಬೆಲೆ ಹೇಳುವುದು ಆ ಮನೆತನದ ಕಟ್ಟಳೆ. ಮಗ ಹೊಳಲ್ಕೆರೆಯಲ್ಲಿ ಗುಮಾಸ್ತನಾಗಿ, ಇಸ್ತ್ರಿ ಅಂಗಿಯ ಕಾಲರನ್ನು ಮಾತಿಗೊಮ್ಮೆ ಎಳೆದುಕೊಳ್ಳುವಷ್ಟು ನಾಜೂಕಾದ ಮೇಲೂ ಕಟ್ಟಳೆ ಬಿಡಲಿಲ್ಲ.

ಅವನಿಗೆ ಪ್ರಾಣಪ್ರಿಯವಾದದ್ದು ಕೆಂಪು ಗ್ರಹವೊಂದರ ಸಿನಿಮಾ. ಕಚೇರಿಯಲ್ಲಿ ಜೊತೆಗೆ ಕೆಲಸ ಮಾಡುವ ನಮ್ಮನ್ನು ಹಿಡಿದು ಕೂರಿಸಿ, "ಕಥೆಗೆ ತಲೆಬುಡ ಇಲ್ಲ ಸಾರ್. ಸತ್ತ ನಾಯಕ ಯಾಕೆ ಎದ್ದು ಬಂದ ಅಂತ ಗೊತ್ತಾಗಲ್ಲ. ಡಬ್ಬಿಂಗ್‌ನಾಗೆ ತುಟಿ ಒಂದ್ ಕಡೆ, ಮಾತು ಒಂದ್ ಕಡೆ. ನೋಡಲೇಬೇಕು," ಎನ್ನುತ್ತಿದ್ದ. ಯಾರೂ ನೋಡಲಿಲ್ಲ.

ನಗು ತರಿಸುವ ಈ ಸ್ವಭಾವ ಹೆಣ್ಣು ನೋಡಲು ಹೋದಲ್ಲಿ ಮುಳುವಾಗುತ್ತಿತ್ತು. ತನ್ನ ಮುಂಗೋಪ, ಗೊರಕೆ, ಉದುರುವ ಕೂದಲು ಎಲ್ಲವನ್ನೂ ಅವನು ಹೇಳಿ ಮುಗಿಸುವಷ್ಟರಲ್ಲಿ ಸಂಬಂಧ ಮುರಿದಿರುತ್ತಿತ್ತು. ರಾಮಗಿರಿಯ ಶೋಭಾರಾಣಿಯನ್ನು ನೋಡಲು ಹೊರಟಾಗ ಎತ್ತಪ್ಪನವರು ನನ್ನನ್ನೂ ಕರೆದುಕೊಂಡು, "ಕುರಿ ಮಾರೋದೇ ಬೇರೆ, ಇದೇ ಬೇರೆ ಅಂತ ನೀವಾರ ಹೇಳ್ರಿ. ಇದೂ ತಪ್ಪಿದ್ರೆ ಇವನಿಗೆ ಮದುವೆ ಇಲ್ಲ," ಎಂದರು.

ಹೇಳಿದೆ, ಕೇಳಬೇಕಲ್ಲ! ಪಡಸಾಲೆಯಲ್ಲಿ ಎಲ್ಲರೆದುರು ತನ್ನ ದೋಷಗಳನ್ನೂ ಸಿನಿಮಾದ ದೋಷಗಳನ್ನೂ ಒಂದೇ ಉಸಿರಿಗೆ ಒಪ್ಪಿಸಿದ. ಹೈಸ್ಕೂಲ್ ಟೀಚರಾದ ಶೋಭಾರಾಣಿ ಎಲ್ಲ ಕೇಳಿ, "ಇಷ್ಟು ತಪ್ಪಿದ್ರೂ ಯಾಕ್ ನೋಡ್ತೀರಿ?" ಎಂದಳು.

"ಅದ್ರಾಗೆ ಒಂದು ಸಮುದ್ರ ಐತ್ರಿ. ನೆಲ ಬಿಟ್ಟು ಎದ್ದು ಆಕಾಶದಾಗೆ ನಿಲ್ತೈತೆ. ಜನ ಅದರ ಕೆಳಗೆ ತಲೆ ಎತ್ಕಂಡು ನಡೀತಾರೆ..." ಎನ್ನುತ್ತ ತಾನೂ ತಲೆ ಎತ್ತಿ ಪಡಸಾಲೆಯ ಜಂತೆ ನೋಡಿದ.

"ನೋಡಿ ಹೇಳ್ತೀನಿ," ಎಂದಳು ಆಕೆ.

ಮರುಬಿಡುಗಡೆಯಾಗಿ ಹಿರಿಯೂರಿಗೆ ಬಂದಿದ್ದ ಸಿನಿಮಾಕ್ಕೆ, ತಂಗಿ ಮಾನಸಳನ್ನು ಕರೆದುಕೊಂಡು ಬಂದೇಬಿಟ್ಟಳು; ಚೇತನ್ ಜೊತೆಗೆ ನಾನೂ ಹೋಗಿದ್ದೆ. ನಾಯಕ ಎದ್ದು ಬಂದಾಗ ಅಕ್ಕತಂಗಿಯರು ದುಪಟ್ಟಾ ಅಡ್ಡ ಹಿಡಿದು ನಕ್ಕರು. ಪಕ್ಕದಲ್ಲಿದ್ದ ಚೇತನ್‌ ಪರದೆ ಬಿಟ್ಟು ಅವಳ ಮುಖವನ್ನೇ ನೋಡುತ್ತ ಬೆವರುತ್ತಿದ್ದ. ನನಗೆ ನಿಜಕ್ಕೂ ಅಯ್ಯೋ ಅನ್ನಿಸಿತು.

ಹೊರಗೆ ಬಂದ ಮೇಲೆ ಅವಳು, "ನೀವು ಹೇಳಿದ ತಪ್ಪೆಲ್ಲಾ ಅವೆ. ಒಂದು ಬಿಟ್ಟಿದ್ರಿ," ಎಂದಳು.

"ಯಾವುದ್ರಿ?"

"ಸಮುದ್ರ ಬೇಗ ಮುಗೀತು." ದುಪಟ್ಟಾ ಸರಿಮಾಡಿಕೊಂಡು, "ಮನೆಗೆ ಬಂದು ಮಾತಾಡಕ್ಕೆ ನಿಮ್ಮಪ್ಪಾರಿಗೆ ಹೇಳ್ರಿ," ಎಂದಳು.

ಕಣ್ಣು ಮುಚ್ಚಿಕೊಂಡು ಪ್ರೀತಿಸುವವರನ್ನು ಲೋಕ ಕೊಂಡಾಡುತ್ತದೆ. ಆದರೆ ಕುಂದುಗಳನ್ನು ಬಲ್ಲ, ಬಲ್ಲೆವೆಂದು ಬಾಯಿಬಿಟ್ಟು ಹೇಳಿಯೂ ಮತ್ತೆ ಮತ್ತೆ ಅಲ್ಲಿಗೇ ಹೋಗುವ ಜನರ ಪ್ರೀತಿಯನ್ನು ಮುಂದೊಂದು ದಿನ ಬಯಲಾಗಿ ಮುರಿಯುವಂಥದ್ದು ಏನೂ ಉಳಿದಿರುವುದಿಲ್ಲ. ಇಂಥವರಿಗೆ ಮದುವೆ ತಡವಾಗುತ್ತದೆ, ಅಷ್ಟೆ.