ಬೇರೆ ಬಣ್ಣದ ಕಾಲು

"ಅಷ್ಟೂ ತಗೊಂಡು ಹೋಗಿ," ಎಂದು ಮಗಳು ಕುರ್ಚಿಕಾಲುಗಳ ಇನ್ನೊಂದು ಕಟ್ಟನ್ನು ಗುಜರಿ ಗಾಡಿಗೆ ಎಸೆದಳು. ಒಳಗೆ ಅಪ್ಪನನ್ನು ಮಲಗಿಸಿದ್ದರು. ಜನ ಬರುವ ಮೊದಲು ಅಂಗಳ ಚೊಕ್ಕಟವಾಗಬೇಕು. ತೀರಿಹೋದ ದಿನವಾದರೂ ಯಾರೂ ಅವನನ್ನು 'ಕಸದ ಬಡಗಿ' ಎನ್ನಬಾರದು.

ಗುಜರಿಯವನು ತಲೆ ಕೆರೆದುಕೊಂಡ. "ಬದುಕಿದ್ದಾಗ ನನ್ನ ಗಾಡಿಯಿಂದಲೇ ಆರಿಸ್ಕೊಂಡು ಬರ್ತಿದ್ರು ಅಕ್ಕಾ. ಈಗ ನೀವು ವಾಪಸ್ ತುಂಬ್ತಿದ್ದೀರಿ!"

* * *

ಶಾಲೆಗೆ ಹೋಗುತ್ತಿದ್ದಾಗ ಅವಳ ಮೇಜಿಗೆ ಮೂರು ಹಳದಿ ಕಾಲು, ಒಂದು ಕಪ್ಪು. ಹಳದಿ ಕಾಲೊಂದರ ಮೇಲೆ ಶಾಯಿಯಲ್ಲಿ ಮಗ್ಗಿ ಗೀಚಿದ್ದಳು. ಗೆಳತಿಯರು ಬಂದರೆ ಕಪ್ಪು ಕಾಲಿಗೆ ಟವೆಲ್ ಇಳಿಬಿಡುತ್ತಿದ್ದಳು.

"ಬಣ್ಣನಾದ್ರೂ ಹಚ್ಚಪ್ಪ."

"ಹಚ್ಚಿದ್ರೆ ಎಲ್ಲಿ ಮುರಿದಿತ್ತು ಅನ್ನೋದೇ ಮರೆತುಹೋಗುತ್ತೆ ಕಣೇ. ಮತ್ತೆ ಅದರ ಮೇಲೇ ಕುಣೀತಾರೆ. ಈ ಮರ ಬೆಳೆಯೋಕೆ ನಿಮ್ಮಜ್ಜನ ಆಯಸ್ಸಷ್ಟು ಹಿಡೀತು. ಒಂದು ಕೀಲು ಸಡಿಲಾಯ್ತು ಅಂತ ಒಲೆಗೆ ಹಾಕೋಕಾಗುತ್ತಾ?"

ಬಾಗಿದ ಮೊಳೆಯನ್ನೂ ನೆಟ್ಟಗೆ ಮಾಡಿ ಹೊಡೆಯುವ ಆಸಾಮಿ. ಜಿಪುಣ ಎಂದವರುಂಟು. ಜಿಪುಣತನ ಎಲ್ಲಿಂದ ಬಂತು? ಮರವೆಂದರೆ ಅವನಿಗೆ ಮರ್ಯಾದೆ, ಅಷ್ಟೇ.

* * *

ಬರುವವರಿಗೆಂದು ಮಗಳು ಬಾಡಿಗೆ ಕುರ್ಚಿ ತರಿಸಲು ಹೊರಟರೆ ಪಕ್ಕದ ಮನೆಯ ದರ್ಜಿ ತಡೆದ. "ಅವರ ಅಂಗಳದಲ್ಲಿ ಪ್ಲಾಸ್ಟಿಕ್ ಮೇಲೆ ಕೂರೋದಾ? ಎದ್ದು ಬಂದು ಬೈತಾರೆ ಅಷ್ಟೇ!"

ಬೀದಿಯವರೆಲ್ಲ ತಂತಮ್ಮ ಮನೆಯ ಕುರ್ಚಿ ಹೊತ್ತೇ ಬಂದರು. ಗುಂಡಗಿದ್ದ ಸೋದರತ್ತೆ ಕೂತದ್ದೇ ತಡ, ಅವಳ ಕುರ್ಚಿ ಲಟಕ್ಕೆಂದಿತು. ದರ್ಜಿ ಹಿಡಿಯದಿದ್ದರೆ ನೆಲ ಸೇರುತ್ತಿದ್ದಳು. ಮುರಿದದ್ದು ಕುರ್ಚಿಯ ಜೊತೆಗೇ ಅಂಗಡಿಯಿಂದ ಬಂದಿದ್ದ ಕಾಲು. ಅಪ್ಪ ಆಮೇಲೆ ಜೋಡಿಸಿಕೊಟ್ಟ ಕಾಲು ಅಲ್ಲಾಡಿರಲಿಲ್ಲ.

"ಹೋದ ದಿನವೂ ಅಣ್ಣನಿಗೆ ಕೆಲಸ ಕೊಟ್ಟೆ ನೋಡು," ಎಂದು ನಗಲು ಹೋಗಿ ಅತ್ತೆ ಬಿಕ್ಕಿದಳು. "ಇನ್ನು ಇದನ್ನ ನೋಡೋರು ಯಾರೇ?"

ಮಗಳು ಅಂಗಳದತ್ತ ಕಣ್ಣು ಹಾಯಿಸಿದಳು. ಕಂದು ಕುರ್ಚಿಗೆ ಕಪ್ಪು ಕಾಲು, ಕಪ್ಪು ಕುರ್ಚಿಗೆ ಹಸಿರು ಕಾಲು. ಒಂದಕ್ಕೂ ಬಣ್ಣ ಹಚ್ಚಿ ಮುಚ್ಚಿರಲಿಲ್ಲ. ಬೀದಿಯ ಮನೆಮನೆಯಲ್ಲೂ ಅಪ್ಪ ಇದ್ದ. ಎಂಥ ಮನುಷ್ಯ! ಅವಳಿಗೆ ಹೆಮ್ಮೆಯಿಂದ ಅಳು ಬಂತು. ಗೇಟಿಗೆ ಓಡಿದಳು.

ಗಾಡಿ ಅಲ್ಲೇ ಇತ್ತು. "ಮಣ್ಣು ಮುಗಿಸ್ಕೊಂಡೇ ಹೋಗೋಣ ಅಂತ ನಿಂತೆ ಅಕ್ಕಾ," ಎಂದ ಗುಜರಿಯವನು.

"ಎಲ್ಲಾ ಇಳಿಸಿ," ಎಂದಳು. ಇಳಿಸುವಾಗ ಒಂದು ಹಳದಿ ಕಾಲು ಕೈಗೆ ಬಂತು. ಅವಳ ಶಾಲೆಯ ದಿನಗಳ ಮೇಜಿನದು. ಹಲಗೆ ಗೆದ್ದಲಿಗೆ ಹೋದರೂ ಅಪ್ಪ ಅದನ್ನು ಎತ್ತಿಟ್ಟಿದ್ದ.

ಅಪ್ಪನನ್ನು ಎತ್ತುವ ಹೊತ್ತಿಗೆ ಅತ್ತೆ ಅದೇ ಕುರ್ಚಿಯಲ್ಲಿ ಕೂತಿದ್ದಳು. ಮಗಳು ಅಳತೆಗೆ ಕೊಯ್ದು ಜೋಡಿಸಿದ ಹಳದಿ ಕಾಲು ತುಸು ಕುಂಟುತ್ತಿತ್ತು. ಮಗ್ಗಿ ಬರೆದ ಮಗ್ಗುಲನ್ನು ಎಲ್ಲರಿಗೂ ಕಾಣುವಂತೆ ಹೊರಗೆ ತಿರುಗಿಸಿ ಕೂರಿಸಿದ್ದಳು.