ಕಸ್ತೂರೆವ್ವನ ಬುತ್ತಿ ಡಬ್ಬಿ

ನಾನು ಒಂದು ಬುತ್ತಿ ಡಬ್ಬಿ. ಹುಬ್ಬಳ್ಳಿಯ ಕಾರ್ಖಾನೆಯೊಂದರಲ್ಲಿ ಸ್ಟೀಲಿನ ತಗಡನ್ನು ಒತ್ತಿ, ತಿಕ್ಕಿ, ಹೊಳಪು ಬರಿಸಿ ನನಗೆ ಈ ದುಂಡು ರೂಪ ಕೊಟ್ಟರು. ಗದಗಿನ ಪಾತ್ರೆ ಅಂಗಡಿಯಲ್ಲಿ ನನ್ನನ್ನು ಕೊಂಡವಳು ಕಸ್ತೂರೆವ್ವ. ಅವಳ ಗಂಡ ಶೇಖಪ್ಪನಿಗೆ ಆಗಷ್ಟೇ ಬಸ್ ಕಂಡಕ್ಟರ್ ಕೆಲಸ ಸಿಕ್ಕಿತ್ತು.

ಕಸ್ತೂರೆವ್ವನ ತಂದೆ ಬಾಯಿಯ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಆಗ ಡಾಕ್ಟರಮ್ಮ ಹೇಳಿದ ಮಾತು ಅವಳ ಮನಸ್ಸಿನಲ್ಲಿ ನಿಂತುಬಿಟ್ಟಿತ್ತು. "ತಂಬಾಕ ಮುಟ್ಟಬಾರ್ದು. ಕಾಳು, ಸೊಪ್ಪು, ಹಣ್ಣು ಹೆಚ್ಚ ತಿನ್ರಿ, ಕರದದ್ದು ಕಡಿಮಿ ಮಾಡ್ರಿ, ದಿನಾ ನಡೀರಿ. ಹಿಂಗ ಮಾಡಿದ್ರ ಬರೂದೇ ಇಲ್ಲ ಅಂತ ಹೇಳಾಕ ಬರಂಗಿಲ್ಲವ್ವ. ಅಪಾಯ ಮಾತ್ರ ಕಡಿಮಿ ಆಗತೈತಿ."

ಅದಕ್ಕೇ ಅವಳು ನಸುಕಿನಲ್ಲೇ ಎದ್ದು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಹೆಸರುಕಾಳಿನ ಪಲ್ಲೆ, ಮೆಂತ್ಯೆ ಸೊಪ್ಪು, ಗಜ್ಜರಿಯ ಪಚಡಿ ನನ್ನ ಹೊಟ್ಟೆ ಸೇರುತ್ತಿದ್ದವು.

ಆದರೆ ಮಧ್ಯಾಹ್ನ ಬಸ್ ನಿಂತಾಗ ಶೇಖಪ್ಪ ನನ್ನನ್ನು ಡ್ರೈವರ್ ದಾವಲಸಾಬನ ಕೈಗೆ ಕೊಡುತ್ತಿದ್ದ. "ನೀನ ತಿನ್ನಪಾ ದಾವಲಣ್ಣ. ನನಗ ಈ ಸೊಪ್ಪು ಸದಿ ಇಳಿಯಂಗಿಲ್ಲ" ಎಂದು ಹೇಳಿ ಮಿರ್ಚಿ ಭಜಿಯ ಅಂಗಡಿಗೆ ನಡೆಯುತ್ತಿದ್ದ. ಮಿರ್ಚಿಯಾದ ಮೇಲೆ ಚಹಾ, ಚಹಾ ಆದಮೇಲೆ ಗುಟ್ಕಾ. ಸಂಜೆ ಬಾಯಿ ಮುಕ್ಕಳಿಸಿ, ಏಲಕ್ಕಿ ಅಗಿದು ಮನೆಗೆ ಬರುತ್ತಿದ್ದ.

"ಬುತ್ತಿ ಹೆಂಗಿತ್ರಿ?"

"ಭಾಳ ಚೊಲೋ ಇತ್ತು."

ನನ್ನ ಖಾಲಿ ತಳ ನೋಡಿ ಅವಳ ಮುಖ ಅರಳುತ್ತಿತ್ತು. ನನಗೆ ಬಾಯಿದ್ದರೆ ಹೇಳುತ್ತಿದ್ದೆ. ಹೀಗೇ ವರ್ಷಗಳು ಕಳೆದವು.

ಕ್ರಮೇಣ ಶೇಖಪ್ಪನಿಗೆ ಬಾಯಿ ಪೂರಾ ತೆರೆಯಲು ಬಾರದಾಯಿತು. ಹಲ್ಲುನೋವು ಎನ್ನುತ್ತ ದಿನ ದೂಡಿದ. ಕೆನ್ನೆಯೊಳಗಿನ ಹುಣ್ಣು ಮಾಯಲಿಲ್ಲ. ಕೊನೆಗೆ ಆಪರೇಶನ್ ಮಾಡಿ ದವಡೆಯ ಒಂದು ಭಾಗವನ್ನೇ ತೆಗೆದರು.

ನೋಡಲು ಮನೆಗೆ ಬಂದ ದಾವಲಸಾಬ ಪಪ್ಪಾಯಿ ತಂದಿದ್ದ. ಕಪಾಟಿನ ಮೇಲಿದ್ದ ನನ್ನನ್ನು ಕಂಡು, "ತಂಗೆವ್ವಾ, ನಿನ್ನ ಕೈ ಪಲ್ಲೆ ತಿಂದು ತಿಂದು ನನ್ನ ಮೈ ಹಗುರ ಆಗೇತಿ ನೋಡು" ಎಂದ.

ಕಸ್ತೂರೆವ್ವ ಗಂಡನ ಕಡೆ ನೋಡಿದಳು. ಅವನು ಗೋಡೆಯ ಕಡೆ ಮುಖ ತಿರುಗಿಸಿದ.

"ದಿನಾ ನೀವೇ ತಿಂತಿದ್ರೇನಣ್ಣ?"

ಅವಳಿಗೆ ಇದು ಗೊತ್ತೇ ಇರಲಿಲ್ಲವೆಂದು ದಾವಲಸಾಬನಿಗೆ ಆಗ ತಿಳಿಯಿತು. ತಲೆ ತಗ್ಗಿಸಿದ. ಕಸ್ತೂರೆವ್ವ ನನ್ನನ್ನು ಒಳಗೊಯ್ದು, ತೊಳೆದಿಟ್ಟಿದ್ದ ನನ್ನನ್ನೇ ಮತ್ತೆ ತಿಕ್ಕಿದಳು, ಕೈ ಸೋಲುವ ತನಕ.

ಈಗ ನನಗೂ ವಯಸ್ಸಾಗಿದೆ. ಅಂಚು ನೆಗ್ಗಿದೆ, ಮುಚ್ಚಳ ಬಿಗಿಯುವುದಿಲ್ಲ. ಶೇಖಪ್ಪ ಉಳಿದಿದ್ದಾನೆ. ಗುಟ್ಕಾ ಬಿಟ್ಟಿದ್ದಾನೆ, ಬೆಳಿಗ್ಗೆ ಹೆಂಡತಿಯ ಜೊತೆ ಕೆರೆಯ ತನಕ ನಡೆದು ಬರುತ್ತಾನೆ. ರೊಟ್ಟಿಯನ್ನು ಮಾತ್ರ ಅಗಿಯಲಾರ. ಅವನಿಗೆ ಬೇಕಾದದ್ದನ್ನು ಎಷ್ಟೋ ವರ್ಷ ಹೊತ್ತು ಅವನ ಪಕ್ಕದಲ್ಲೇ ಕೂತಿದ್ದೆನಲ್ಲ ಎಂಬ ಸಂಕಟ ನನ್ನನ್ನು ಬಿಟ್ಟಿಲ್ಲ.

ನಿನ್ನೆ ಅವಳು ರೊಟ್ಟಿ ನೆನೆಸಿ, ಹೆಸರುಕಾಳಿನ ಪಲ್ಲೆ ಅರೆದು ಕಲಸಿ ನನ್ನಲ್ಲಿ ತುಂಬಿ, ತಪಾಸಣೆಗೆ ಹೋದ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಚಮಚದಿಂದ ಉಣಿಸಿದಳು. ಅವನು ನಿಧಾನ ನುಂಗಿದ. ತೊದಲುತ್ತ ಕೇಳಿದ:

"ಇಷ್ಟ ರುಚಿ ಇರ್ತಿತ್ತೇನ?"

"ದಿನಾ ಇರ್ತಿತ್ರಿ" ಎಂದಳು ಕಸ್ತೂರೆವ್ವ.