ಹೆಂಚಿನ ಮೇಲಿನ ಹಲ್ಲು

ದೀಪಿಕಳ ಹಲ್ಲುನೋವು ಶುರುವಾದದ್ದು ಯುಗಾದಿಯ ಸುಮಾರಿಗೆ. ಕೆಳದವಡೆಯ ಬಲಕ್ಕೆ, ಎಲ್ಲಕ್ಕಿಂತ ಹಿಂದಿನ ಹಲ್ಲಿನಲ್ಲಿ ಕಪ್ಪು ಗುಳಿ. ಎಂಟು ವರ್ಷದ ಮಗಳ ಬಾಯಿಗೆ ಮೊಬೈಲ್ ಟಾರ್ಚ್ ಹಿಡಿದು ನೋಡಿದ ರೂಪ, ಗುಳಿಗೊಂದು ಲವಂಗ ಒತ್ತಿದಳು. ಮದ್ದೂರಿನ ಗಾರ್ಮೆಂಟ್ಸ್ ಕೆಲಸಕ್ಕೆ ಬೆಸಗರಹಳ್ಳಿಯಿಂದ ಹೊರಡುವ ಬಸ್ಸಿನ ಹೊತ್ತಾಗಿತ್ತು.

“ಆಲಲ್ಲು ಕಣವ್ವ, ಉದುರೋಯ್ತದೆ ಬುಡು. ಒಸದು ಬತ್ತದೆ” ಎಂದಳು, ಹಾಲುಹಲ್ಲೆಂದೇ ನಂಬಿ.

ಮುಂದಿನ ಹಲ್ಲುಗಳು ಹಾಗೇ ಉದುರಿದ್ದವು. ಬಿದ್ದ ಒಂದೊಂದನ್ನೂ ಅಜ್ಜಿ ಮಂಗಳಮ್ಮ ಸಗಣಿಯಲ್ಲಿ ಉಂಡೆ ಕಟ್ಟಿ ಕೊಟ್ಟಳು, ಹುಡುಗಿ ಹೆಂಚಿನ ಮೇಲಕ್ಕೆ ಎಸೆದಳು, ಹೊಸದು ಬಂತು.

ಆಷಾಢದಲ್ಲಿ ಕೆನ್ನೆ ಊದಿತು.

“ಏನವ್ವಾ, ಬಾಯಲ್ಲಿ ಬೋಂಡ ಮಡೀಕಂಡಿದ್ದೀಯಾ?” ಎಂದು ಮಂಗಳಮ್ಮ ನಗಿಸಲು ನೋಡಿದಳು. ಹುಡುಗಿ ನಗಲಿಲ್ಲ. ಮೈ ಸುಡುತ್ತಿತ್ತು.

ಮದ್ದೂರಿನ ದಂತವೈದ್ಯ ಸುಧೀಂದ್ರ ಎಕ್ಸ್‌ರೇ ನೋಡಿ, “ಇದು ಹಾಲುಹಲ್ಲಲ್ಲಮ್ಮ” ಎಂದರು. “ಆರನೇ ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ ಹುಟ್ಟೋ ದವಡೆ ಹಲ್ಲು. ಇದಕ್ಕೋಸ್ಕರ ಯಾವ ಹಲ್ಲೂ ಬೀಳಲ್ಲ. ಅದಕ್ಕೇ ಬಂದಿದ್ದೇ ಎಷ್ಟೋ ಜನಕ್ಕೆ ಗೊತ್ತಾಗಲ್ಲ.”

“ತೆಗೆದ್ರೆ ಇನ್ನೊಂದು ಬರಕಿಲ್ವಾ ಸಾರ್?”

“ಇಲ್ಲ. ನೋವು ಶುರುವಾದಾಗಲೇ ಬಂದಿದ್ರೆ ಉಳಿಸಬಹುದಿತ್ತು.”

ಊತ ಇಳಿದ ಮೇಲೆ ಹಲ್ಲು ಕಿತ್ತರು. ಮರಗಟ್ಟಿದ ತುಟಿಯಲ್ಲೇ ಹುಡುಗಿ ಅದನ್ನು ಕೇಳಿ ಪಡೆದಳು. ಬಸ್ಸಿನುದ್ದಕ್ಕೂ ಹತ್ತಿಯಲ್ಲಿ ಸುತ್ತಿದ ಹಲ್ಲು ಅವಳ ಮುಷ್ಟಿಯಲ್ಲಿತ್ತು.

ಸಗಣಿ ಹಿಡಿದು ಕಾದಿದ್ದ ಮಂಗಳಮ್ಮ ಹತ್ತಿ ಬಿಡಿಸಿದಳು. “ಇದೇನೇ ರೂಪ, ಇಷ್ಟುದ್ದ ಬೇರು? ಉದುರೋ ಆಲಲ್ಲಿಗೆ ಬೇರಿರಕಿಲ್ಲ ಕಣೆ.”

“ಆಲಲ್ಲಲ್ವಂತೆ ಅತ್ತೆ.”

ಮಂಗಳಮ್ಮ ಹಲ್ಲನ್ನು ಸಗಣಿಯೊಳಗೆ ಒತ್ತಿದಳು. ಉಂಡೆ ಕಟ್ಟಿದಳು. ಎಂದಿಗಿಂತ ದೊಡ್ಡದಾಯಿತು. ಹುಡುಗಿ ಹಿಂದಕ್ಕೆ ಸರಿದು ಬಲವಾಗಿ ಎಸೆದಳು. ಅದು ಹೆಂಚಿಗೆ ಅಂಟಿತು.

ಆಮೇಲೆ ದಿನಾ ಬೆಳಿಗ್ಗೆ ಬಾಯಿ ತೆರೆದು ತಾಯಿಯ ಮುಂದೆ ನಿಲ್ಲುತ್ತಿದ್ದಳು. “ಬಂತಾ ನೋಡವ್ವ.” ರೂಪ ಟಾರ್ಚ್ ಹಾಕಿ ನೋಡಿದಂತೆ ಮಾಡಿ ಬಸ್ಸಿಗೆ ಓಡುತ್ತಿದ್ದಳು.

ಗೌರಿಹಬ್ಬದ ರಜೆಯಲ್ಲಿ ಓಡಲು ಬಸ್ಸಿರಲಿಲ್ಲ. ರೂಪ ಮಗಳನ್ನು ಜಗುಲಿಯಲ್ಲಿ ಕೂರಿಸಿಕೊಂಡಳು.

“ಅದು ಬರಕಿಲ್ಲ ಮಗ. ಇನ್ನು ಬರಕಿಲ್ಲ.”

ಹುಡುಗಿ ಹೆಂಚಿನ ಕಡೆ ನೋಡಿದಳು. ಮಳೆಗೆ ಉಂಡೆ ತೊಳೆದುಹೋಗಿತ್ತು.

“ನಾನು ಸರ್ಯಾಗಿ ಎಸೀಲಿಲ್ವಾ?”

“ಸರ್ಯಾಗೇ ಎಸ್ದೆ ಕಣವ್ವ” ಎಂದಳು ರೂಪ. ತಪ್ಪು ಯಾರದೆಂದು ಹೇಳಲು ಬಾಯಿ ತೆರೆದಳು. ಹೇಳುವ ಬದಲು ಟಾರ್ಚ್ ಹಾಕಿ, ಮಗಳ ಉಳಿದ ಹಲ್ಲುಗಳನ್ನು ಒಂದೊಂದಾಗಿ ನೋಡತೊಡಗಿದಳು.